ಆಮೆಯ ಜಾಡು

"ಥೂ ನಿನ್ನ! ನಿನ್ನ ಆಮೆ ಕುಡ್ಕೊಂಡು ಬಂದಿತ್ತೇನೇ? ಗೆರೆ ನೋಡು, ಹಾವು ಹರಿದಂಗಿದೆ. ನಾಳೆ ನೆಟ್ಟಗೆ ಎಳಿ, ಮುದಿ ಮುಂಡೆ."

ಹೋಟೆಲಿನ ಮ್ಯಾನೇಜರು ನನ್ನ ಗೆರೆಯನ್ನು ಬೂಟಿನಿಂದ ಅಳಿಸಿ ಹೋದ. ಬೆಳಕು ಹರಿಯುವ ಮೊದಲು ಹಳೆಯ ಮೊರಕ್ಕೆ ಕಲ್ಲು ಹೇರಿ, ನೀರಿನ ಅಂಚಿನಿಂದ ಮೇಲಕ್ಕೆ ಎಳೆಯುವುದು, ಎರಡೂ ಬದಿಗೆ ಅಂಗೈಯಿಂದ ಮರಳು ತೋಡುವುದು ನನ್ನ ಕೆಲಸ. ಎದ್ದು ಬಂದ ಗಿರಾಕಿಗಳು ಆಮೆ ಮೊಟ್ಟೆಯಿಟ್ಟು ಹೋಗಿದೆಯೆಂದು ಫೋಟೊ ಹೊಡೆದುಕೊಳ್ಳುತ್ತಾರೆ. ಬಾರದ ಆಮೆಗೆ ನಾನು ಬಾಡಿಗೆಯ ಕಾಲು.

ಮದುವೆಯಾಗಿ ಬಂದ ಹೊಸತರಲ್ಲಿ ಈ ದಂಡೆಯಲ್ಲಿ ಕಾಲಿಡಲು ಜಾಗ ಹುಡುಕಬೇಕಿತ್ತು. ಆಮೆಯ ಜಾಡನ್ನು ಅತ್ತೆ ದಾಟಗೊಡುತ್ತಿರಲಿಲ್ಲ, ಸುತ್ತಿ ಬಾ ಎನ್ನುತ್ತಿದ್ದಳು. ನೀರು ಮುಟ್ಟುವಷ್ಟರಲ್ಲಿ ಸುತ್ತಿ ಸುತ್ತಿ ಸಾಕಾಗುತ್ತಿತ್ತು. ಮಗಳು ನಡೆಯಲು ಕಲಿಯುವ ಹೊತ್ತಿಗೆ ಒಂದೋ ಎರಡೋ ಜಾಡು ಉಳಿದಿದ್ದವು. ಆಮೇಲೆ ಹೋಟೆಲು ಎದ್ದಿತು. ದಂಡೆಗೆ ರಾತ್ರಿಯಿಡೀ ದೀಪ ಬಂತು, ಕಕ್ಕಸಿನ ನೀರಿಗೆ ಕೊಳವೆ ಬಂತು. ಕೊಳವೆಯ ಬಾಯಿ ಕಾಣದಂತೆ ಮ್ಯಾನೇಜರು ತಡಿಕೆ ಕಟ್ಟಿಸಿದ. ಈಗ ಏಡಿಯೂ ಇಲ್ಲ, ಏಡಿ ತಿನ್ನುವ ಹಕ್ಕಿಯೂ ಇಲ್ಲ.

ಕೊನೆಯ ಆಮೆ ಸತ್ತೇ ದಡಕ್ಕೆ ಬಂತು. ಬಲೆಯವರೇ ಕೊಂದರೆಂದು ಇದೇ ಮ್ಯಾನೇಜರು ಬೆರಳು ತೋರಿಸಿದ. ಪೊಲೀಸರು ಒಯ್ದ ನನ್ನ ಗಂಡ ಏಟು ತಿಂದು ಒಂದು ಕಿವಿಯನ್ನು ಠಾಣೆಯಲ್ಲೇ ಬಿಟ್ಟು ಬಂದ. ಅಲೆಯ ಸದ್ದು ಯಾವ ದಿಕ್ಕಿನದೆಂದು ತಿಳಿಯದೆ ದೋಣಿ ಹತ್ತುವುದನ್ನೇ ನಿಲ್ಲಿಸಿದ. ನಾನು ಅದೇ ಮ್ಯಾನೇಜರಿಗೆ ದಿನಾ ಸಲಾಮು ಹೊಡೆಯುತ್ತೇನೆ, ಮನೆಗೆ ಬಂದು ಶಪಿಸುತ್ತೇನೆ. ಉಣ್ಣುವ ಅನ್ನಕ್ಕೆ ಕಲ್ಲು ಹಾಕಿಕೊಳ್ಳಬೇಡ ಎನ್ನುತ್ತಾನೆ ಗಂಡ. ಕಲ್ಲು ಹೇರುವುದೇ ನನ್ನ ಕಸುಬಲ್ಲವೇ?

ಮರುದಿನ ಮೊರಕ್ಕೆ ಇನ್ನೊಂದು ಕಲ್ಲು ಹೇರಿದೆ. ಹೋಟೆಲಿನ ಮೆಟ್ಟಿಲಿನೆದುರಿನಿಂದ ದಂಡೆಯುದ್ದಕ್ಕೂ ನೂಲು ಹಿಡಿದಂತೆ ಎಳೆದೆ. ತಡಿಕೆಯನ್ನು ಕಿತ್ತು, ಒಲೆಗಾಯಿತೆಂದು ಮನೆಗೆ ಸಾಗಿಸಿದೆ.

ಗಿರಾಕಿಗಳು ಇಳಿದು ಬಂದರು. ಇವತ್ತಿನದು ಭಾರಿ ಆಮೆ, ಬಹಳ ದೂರ ಹೋಗಿದೆ ಎನ್ನುತ್ತ ಮ್ಯಾನೇಜರೇ ಮುಂದಾಳಾದ. ಫೋನು ಹಿಡಿದು ಎಲ್ಲರೂ ಜಾಡಿನ ಹಿಂದೆ ನಡೆದರು. ಜಾಡು ಮುಗಿದಲ್ಲಿ ಕೊಳವೆ ಕಪ್ಪು ನೀರು ಕಾರುತ್ತಿತ್ತು. ಅದರ ಕೆಳಗಿನ ಮಡುವಿನಲ್ಲಿ, ಎಲ್ಲಿಂದಲೋ ಬಂದ ಹಕ್ಕಿಯೊಂದು ರೆಕ್ಕೆ ಬಿಚ್ಚಿ ಸತ್ತಿತ್ತು. ಒಂದು ಕೈ ಮೂಗಿಗೆ ಹೋದರೂ ಯಾರೂ ಫೋನು ಇಳಿಸಲಿಲ್ಲ.

"ಏನೇ ಮಾಡಿದೆ, ಲೌಡಿ?" ಮ್ಯಾನೇಜರು ಕೈಯೆತ್ತಿಕೊಂಡು ನನ್ನತ್ತ ಬಂದ.

"ನೀವೇ ಹೇಳಿದ್ರಲ್ಲ ಸಾರ್, ನೆಟ್ಟಗೆ ಎಳಿ ಅಂತ."

ನನ್ನ ಕಾಲ ಬಳಿಯ ಮೊರದಲ್ಲಿ ಎರಡು ಕಲ್ಲುಗಳಿದ್ದವು. ದೊಡ್ಡದನ್ನು ಕೈಗೆತ್ತಿಕೊಂಡೆ.