ಅತ್ತಿಗೆ ಆರಿಸಿದ ಪೆಲೆಟ್

ಹೊಟ್ಟೆಯಲ್ಲಿ ಕಿಚ್ಚು ಇಟ್ಟುಕೊಂಡು ಬದುಕಬಾರದು ಎಂದು ತಿಳಿದವರು ಹೇಳುತ್ತಾರೆ. ಅವರಿಗೆ ನನ್ನ ಅತ್ತಿಗೆಯಂಥ ಅತ್ತಿಗೆ ಇರಲಿಲ್ಲ ಎಂದು ಕಾಣುತ್ತದೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ದೊಡ್ಡ ಹೋಟೆಲೊಂದರ ಅಡುಗೆಮನೆಯನ್ನು ಆಳಿ ನಿವೃತ್ತರಾದವರು. ಬಾಗಿಲಲ್ಲಿ ನಿಂತೇ ಒಳಗಿನ ಹಾಲು ಕೆಟ್ಟಿದೆ ಎಂದು ಹೇಳುವ ಮೂಗು ಅವರದು. ನಾನು ಬಟ್ಟೆ ಹೊಲಿಯುವವಳು. ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಮಾಂಸವನ್ನು ಮರದ ಹೊಗೆಯಲ್ಲಿ ಬೇಯಿಸುವ ಒಂದು ಹೊಗೆಪೆಟ್ಟಿಗೆ ಕೊಂಡು, ಹಿತ್ತಲಲ್ಲಿ ಇಡೀ ದಿನ ಅದರ ಮುಂದೆ ಕೂತು, ಒಂದು ಕುರಿತೊಡೆಗೆ ಹೊಗೆ ಹಾಕಿದ್ದೆ. ಅತ್ತಿಗೆ ಮೊದಲ ತುಂಡು ಬಾಯಿಗಿಟ್ಟು, ಕರವಸ್ತ್ರಕ್ಕೆ ಉಗಿದು, "ಮನೆಗೆ ಬೆಂಕಿ ಬಿದ್ದಾಗ ಉಳಿದದ್ದನ್ನ ಬಡಿಸಿದ್ದಾಳೆ" ಅಂದರು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕ. ಆ ತೊಡೆ ಪಕ್ಕದ ಮನೆಯ ನಾಯಿಗೆ ಹೋಯಿತು. ಅದು ಮೂಳೆಯನ್ನೂ ಬಿಡದೆ ತಿಂದಿತು.

ಅಂದಿನಿಂದ ನಾನು ಕರಕಲಮ್ಮ. ಗಂಡನ ಮನೆಯ ಮಕ್ಕಳಿಗೆ ಕರಕಲತ್ತೆ. ರವಿಕೆ ಹೊಲಿಸಲು ಬಂದ ಹೊಸ ಗಿರಾಕಿಯೊಬ್ಬಳು "ಕರಕಲಮ್ಮ ಅಂದ್ರೆ ನೀವೇನಾ?" ಎಂದು ಕೇಳಿದ ದಿನ, ಸತ್ತರೂ ಈ ಹೆಸರು ನನ್ನ ಬೆನ್ನು ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಹೆಸರಿಟ್ಟ ಬಾಯನ್ನು ಅದೇ ಮೇಜಿನಲ್ಲಿ, ಅದೇ ಜನರ ಮುಂದೆ ಮುಚ್ಚಿಸಬೇಕು ಎಂದು ಬಕಪಕ್ಷಿಯ ಹಾಗೆ ಕಾದೆ.

ಈ ವರ್ಷ ಮಾವನ ಹುಟ್ಟುಹಬ್ಬದ ಊಟ ನಮ್ಮ ಮನೆಯಲ್ಲಿ ಎಂದಾಯಿತು. ಮಾವನಿಗೆ ಹೊಗೆ ಹಾಕಿದ ಕುರಿತೊಡೆಯೇ ಬೇಕಂತೆ.

"ಪೆಲೆಟ್ ನೀನೊಬ್ಳೇ ತರೋಕೆ ಹೋಗ್ಬೇಡ" ಅಂದ ನನ್ನ ಗಂಡ. "ಅಕ್ಕನ್ನ ಕರ್ಕೊಂಡು ಹೋಗು. ಅವಳೇ ಆರಿಸ್ಲಿ."

ಪೆಲೆಟ್ ಎಂದರೆ ಹೊಗೆಗಾಗಿ ಪೆಟ್ಟಿಗೆಯಲ್ಲಿ ಉರಿಸುವ, ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆ. ಪೆನ್ಸಿಲನ್ನು ಚೂರುಚೂರು ಮುರಿದಂತಿರುತ್ತದೆ. ಅಂಗಡಿಯಲ್ಲಿ ಸೇಬಿನ ಮರದ್ದು, ಚೆರ್ರಿಯದು, ಓಕ್‌ನದು ಎಲ್ಲ ಸಾಲಾಗಿ ತೆರೆದ ಡಬ್ಬಗಳಲ್ಲಿ ಇದ್ದವು. ನೋಡಲು ಎಲ್ಲ ಹೆಚ್ಚುಕಡಿಮೆ ಒಂದೇ. ಗುರುತು ಹಿಡಿಯಬೇಕಾದದ್ದು ಮೂಗು.

ಅತ್ತಿಗೆ ಒಂದೊಂದನ್ನೇ ಮುಷ್ಟಿಯಲ್ಲಿ ಹಿಡಿದು ಮೂಸುತ್ತ ಹೋದರು. ಸಾಲಿನ ಕೊನೆಯಲ್ಲಿ, ಹೆಸರಿನ ಚೀಟಿ ಗೋಡೆಯ ಕಡೆ ತಿರುಗಿದ್ದ ಡಬ್ಬದ ಮುಂದೆ ನಿಂತರು. ಒಂದು ಹಿಡಿ ಎತ್ತಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದರು.

"ಸೇಬಿನ ಮರ. ಎಷ್ಟು ಸಿಹಿಯಾಗಿದೆ ನೋಡು. ಇದೇ ತಗೋ."

ನಾನು ಎರಡು ಮಾರು ದೂರದಲ್ಲಿದ್ದೆ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಘಾಟು ನನ್ನ ಮೂಗಿಗೆ ಹೊಡೆಯುತ್ತಿತ್ತು. ಅದು ಪೈನ್ ಮರದ್ದು, ಬೆಕ್ಕಿನ ಕಕ್ಕಸಿನ ತಟ್ಟೆಗೆ ಹಾಸುವಂಥದು. ಅಂಗಡಿಯವನು ಹೇಳಲು ಬಾಯಿ ತೆರೆದ. ನಾನು ಅತ್ತಿಗೆಯ ಬೆನ್ನ ಹಿಂದೆ ನಿಂತು ತುಟಿಯ ಮೇಲೆ ಬೆರಳಿಟ್ಟೆ. ಅವನು ತೆರೆದ ಬಾಯನ್ನು ಆಕಳಿಕೆ ಮಾಡಿಕೊಂಡು ಮುಚ್ಚಿದ.

ಬರುವಾಗ ನಮ್ಮ ಕಾರು ಕಸದ ಲಾರಿಯ ಹಿಂದೆ ಸಿಕ್ಕಿಬಿತ್ತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತಿಗೆ ಕಿಟಕಿ ಇಳಿಸಿ, "ಗಾಳಿ ಚೆನ್ನಾಗಿದೆ" ಅಂದರು. ಆಗ ನನಗೆ ಚಳಿಗಾಲದಲ್ಲಿ ಅವರಿಗೆ ಬಂದಿದ್ದ ಕೆಟ್ಟ ಜ್ವರ ನೆನಪಾಯಿತು. ಅಲ್ಲಿಂದೀಚೆಗೆ ಯಾರ ಮನೆಗೆ ಹೋದರೂ ಅವರು ಮೊದಲು ಬೇರೆಯವರಿಗೆ ತಿನ್ನಲು ಬಿಡುತ್ತಿದ್ದರು, ಅವರ ಮುಖ ನೋಡಿ ಆಮೇಲೆ ಮಾತಾಡುತ್ತಿದ್ದರು. ಅತ್ತಿಗೆಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಕನಿಕರ ಬರಬೇಕಿತ್ತು. ಬರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು.

ಆ ಬೆಕ್ಕಿನ ಪೆಲೆಟ್‌ನಿಂದಲೇ ಹೊಗೆ ಹಾಕಿದರೆ ಹೇಗೆ ಎಂದು ಮೊದಲು ಯೋಚಿಸಿದೆ. ಅತ್ತಿಗೆ ಹೊಗಳುತ್ತಾರೆ, ಉಳಿದವರು ಉಗಿಯುತ್ತಾರೆ. ಆದರೆ ಉಗಿದವರು ಅಡುಗೆಯವಳನ್ನು ಬಿಡುತ್ತಾರೆಯೇ? ಕರಕಲಮ್ಮ ಮತ್ತೆ ಕರಕಲು ಮಾಡಿದಳು ಎನ್ನುತ್ತಾರೆ. ಮಾವನ ಹೊಟ್ಟೆ ಕೆಟ್ಟರೆ ಆ ಪಾಪವೂ ನನ್ನದೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ನಾನು ಹೊಗೆಯನ್ನೇ ಹಾಕಲಿಲ್ಲ. ಮಾವನನ್ನು ಕರೆತರಲು ಗಂಡನನ್ನು ಕಳಿಸಿ, ಉಪ್ಪು ಮೆಣಸು ಸವರಿದ ತೊಡೆಯನ್ನು ಅಡುಗೆಮನೆಯ ಓವನ್‌ನಲ್ಲಿ ಇಟ್ಟೆ. ಹೊಗೆಪೆಟ್ಟಿಗೆ ಹಿತ್ತಲಲ್ಲಿ ತಣ್ಣಗೆ ಬಿದ್ದಿತ್ತು. ಅತ್ತಿಗೆ ಇಲ್ಲದ ಹೊಗೆಯನ್ನು ಹೊಗಳಲಿ, ಮೂಗಿರುವವರು ನಗಲಿ.

ಎಲ್ಲರೂ ಬಂದು ಕೂತರು. ಅತ್ತಿಗೆ ತಟ್ಟೆಯನ್ನು ಪಕ್ಕದವರ ಕಡೆ ಸರಿಸಲು ನೋಡಿದರು. ನಾನು ಬಿಡಲಿಲ್ಲ.

"ಪೆಲೆಟ್ ಆರಿಸಿದವರು ನೀವು ಅತ್ತಿಗೆ. ಮೊದಲು ನೀವೇ ರುಚಿ ನೋಡ್ಬೇಕು."

ಅವರು ಅಗಿದರು. ಎಲ್ಲರೂ ಅವರ ಬಾಯನ್ನೇ ನೋಡಿದರು.

"ಸೇಬಿನ ಹೊಗೆ" ಅಂದರು. "ಈ ಸಲ ಹದವಾಗಿ ಕೂತಿದೆ."

ನಾನು ನಗುವಿಗಾಗಿ ಕಾದೆ.

"ಆಹಾ, ಏನು ಘಮ" ಅಂದರು ಚಿಕ್ಕಮಾವ.

"ನಾನು ಬಾಗಿಲಲ್ಲೇ ಅಂದ್ಕೊಂಡೆ, ಸೇಬಿಂದೇ ಅಂತ" ಅಂದಳು ಓರಗಿತ್ತಿ.

ಮಾವ ತಲೆದೂಗಿದರು. ನನ್ನ ಗಂಡ ಎರಡನೇ ಸಲ ಬಡಿಸಿಕೊಂಡು, "ಅಂತೂ ಕಲ್ತೆ ಬಿಡು. ಅಕ್ಕ ಜೊತೆಗೆ ಬಂದಿದ್ದಕ್ಕೆ ಹೊಗೆ ಸರಿಯಾಗಿ ಹಿಡಿದಿದೆ" ಅಂದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇವರ ನಗುವಿಗೆ ಹೆದರಿ ನಾನು ಇಷ್ಟು ವರ್ಷ ತಲೆ ತಗ್ಗಿಸಿದ್ದೆ.

"ಇದಕ್ಕೆ ಹೊಗೆ ಹಾಕಿಲ್ಲ" ಅಂದೆ. "ಬರೀ ಓವನ್‌ನಲ್ಲಿ ಬೇಯಿಸಿದ್ದು."

ಗಂಡ ನಕ್ಕ. "ತಮಾಷೆ ಮಾಡ್ತಾಳೆ. ಹೊಗೆ ಹಾಕಿಲ್ದೆ ಇದ್ರೆ ಅಕ್ಕನ ಮೂಗಿಗೆ ಗೊತ್ತಾಗ್ತಿರ್ಲಿಲ್ವಾ?"

ಅತ್ತಿಗೆ ಕೈಯಲ್ಲಿದ್ದ ಚಾಕುವನ್ನು ಕೆಳಗಿಟ್ಟರು. ಒಬ್ಬೊಬ್ಬರನ್ನೇ ನೋಡಿದರು.

"ಜ್ವರ ಬಂದಾಗಿಂದ ನನ್ನ ಮೂಗು ಸತ್ತಿದೆ ಕಣೋ. ಗುಲಾಬಿನೂ ಒಂದೇ, ಗೊಬ್ಬರಾನೂ ಒಂದೇ. ನಾನು ಬಾಯಿಗೆ ಬಂದಿದ್ದು ಹೇಳ್ದೆ. ನಿಮಗೆಲ್ಲ ಏನಾಗಿತ್ತು?"

ಚಿಕ್ಕಮಾವ ನೀರು ಕುಡಿದರು, ಓರಗಿತ್ತಿ ಮಗುವಿನ ಬಾಯಿ ಒರೆಸಿದಳು. ನಾನು ವರ್ಷಗಟ್ಟಲೆ ಮಸೆದಿಟ್ಟಿದ್ದ ಕತ್ತಿಯನ್ನು ಅತ್ತಿಗೆ ನನ್ನ ಕೈಯಿಂದ ಕಿತ್ತುಕೊಂಡು ತಾವೇ ಬೀಸಿದ್ದರು. ಸಿಟ್ಟು ನೆತ್ತಿಗೇರಿತು, ಆದರೆ ಅವರ ಮೇಲಲ್ಲ. ನಾನು ಗಂಡನ ಕಡೆ ತಿರುಗಿದೆ.

"ಅವತ್ತು ನಾನು ಮಾಡಿದ್ದು ನಿಜವಾಗ್ಲೂ ಕರಕಲಾಗಿತ್ತಾ?"

ಅವನು ಅಕ್ಕನ ಮುಖ ನೋಡಿದ.

"ನನ್ನನ್ನ ಯಾಕೆ ನೋಡ್ತೀಯ?" ಅಂದರು ಅತ್ತಿಗೆ. "ಅವಳು ಕೇಳಿದ್ದು ನಿನ್ನನ್ನ."

"ಎಲ್ರೂ ಹಾಗೇ ಅಂದ್ರಲ್ಲ..." ಅಂದ.

"ನೀನು ತಿಂದಿದ್ಯಾ?" ಎಂದು ಕೇಳಿದೆ.

ಅವನು ತನ್ನ ತಟ್ಟೆಯ ಕಡೆ ನೋಡಿದ. ಆ ದಿನ ಅವನ ತಟ್ಟೆ ಹೇಗೆ ಬಡಿಸಿದ್ದೆನೋ ಹಾಗೇ ವಾಪಸು ಬಂದಿದ್ದು ನನಗೆ ಈಗ ಕಣ್ಣಿಗೆ ಕಟ್ಟಿತು. ಒಂದು ಚೂರನ್ನೂ ಬಾಯಿಗಿಡದೆ ನಕ್ಕಿದ್ದ. ಅದೇ ಬಾಯಲ್ಲಿ ಇಷ್ಟು ವರ್ಷ ನನ್ನನ್ನು ಆ ಹೆಸರಿನಿಂದ ಕರೆದಿದ್ದ.

ಅರ್ಧ ತಿಂದಿದ್ದ ಅವನ ತಟ್ಟೆಯನ್ನು ನಾನು ಎತ್ತಿಕೊಂಡೆ.

"ನಾಳೆಯಿಂದ ನಿನ್ನ ಅಡುಗೆ ನೀನೇ ಮಾಡ್ಕೊ" ಅಂದೆ. "ಎಲ್ಲರನ್ನೂ ಊಟಕ್ಕೆ ಕರಿ. ಹೆಸರು ನಾನಿಡ್ತೀನಿ."