ಸಾಲ ಕೊಟ್ಟವರ ಪಟ್ಟಿಯಲ್ಲಿ ದೊಡ್ಡಮ್ಮ

ಡೆಲ್ಫೀನ್ ಬಂದವಳೇ ಮೇಜಿನ ಮೇಲೆ ಒಂದು ಲಕೋಟೆ ಇಟ್ಟಳು.

"ಎಣಿಸ್ಕೋ ದೊಡ್ಡಮ್ಮ. ಎರಡು ಸಾವಿರ ಡಾಲರ್. ತೆರಿಗೆಯವರು ವಾಪಸ್ ಕೊಟ್ಟಿದ್ದು ಈಗ ತಾನೇ ಬಂತು. ಮೊದಲು ನಿನ್ನ ಸಾಲ. ಆಮೇಲೆ ದಿವಾಳಿ ಅರ್ಜಿ."

ಇವಳು ನನ್ನ ತೀರಿಹೋದ ತಂಗಿಯ ಮಗಳು. ಮೇಕನ್ ಊರಿನ ಒಂದು ಶಾಲೆಯಲ್ಲಿ ಮಕ್ಕಳ ಊಟ ಬಡಿಸುವ ಕೆಲಸ. ಗಂಡ ಲೂಷಸ್‌ಗೆ ಹೃದಯದ ಆಪರೇಷನ್ ಆಯಿತು, ಅವನು ಉಳಿದ, ಬಿಲ್ಲೂ ಉಳಿಯಿತು. ಆಸ್ಪತ್ರೆಯವರು ಕೋರ್ಟಿಗೆ ಹೋಗಿ ಆದೇಶ ತಂದರು. ಅಂದಿನಿಂದ ಇವಳ ಸಂಬಳದಲ್ಲಿ ಕಾಲು ಭಾಗ ಕೈಗೆ ಬರುವ ಮೊದಲೇ ಅವರ ಪಾಲಾಗುತ್ತಿತ್ತು. ಉಳಿದದ್ದರಲ್ಲಿ ಬಾಡಿಗೆ ಕಟ್ಟಿದರೆ ಕರೆಂಟಿಗಿಲ್ಲ, ಕರೆಂಟಿಗೆ ಕಟ್ಟಿದರೆ ಲೂಷಸ್‌ನ ಮಾತ್ರೆಗಿಲ್ಲ. ದಿವಾಳಿ ಅರ್ಜಿ ಹಾಕಿದರೆ ಆ ಕಡಿತ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಅದು ನಿಲ್ಲದಿದ್ದರೆ ಮನೆ ಖಾಲಿ ಮಾಡಬೇಕಾಗುತ್ತಿತ್ತು.

"ಅರ್ಜಿ ಹೇಗೆ ಹಾಕೋದು ಅಂತ ಗೊತ್ತೇನೇ?" ಎಂದೆ.

"ಫಾರಂ ತುಂಬಿಸೋದು, ಕೊಡೋದು. ಅದರಲ್ಲೇನಿದೆ?"

"ಹಿಟ್ಟು, ಬೆಣ್ಣೆ ಕಲಸೋದು, ಬೇಯಿಸೋದು, ಅದರಲ್ಲೇನಿದೆ ಅಂದ ಹಾಗಾಯ್ತು. ನಿನ್ನ ಮೊದಲನೇ ಬಿಸ್ಕತ್ತು ನಾಯಿ ಕೂಡ ಮೂಸಲಿಲ್ಲ."

ನಾನು ಓದು ಕಲಿತದ್ದು ಐವತ್ತು ದಾಟಿದ ಮೇಲೆ, ಲಾಂಡ್ರಿ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗಿ. ತಡವಾಗಿ ಕಲಿತವರು ಬೆರಳಿಟ್ಟುಕೊಂಡು ಓದುತ್ತಾರೆ, ಒಂದು ಸಾಲನ್ನೂ ಹಾರಿಸುವುದಿಲ್ಲ. ಅದಕ್ಕೇ ಡೆಲ್ಫೀನ್ ಒಬ್ಬಳೇ ಹೋಗುವುದು ಬೇಡವೆಂದು ಸೋಮವಾರ ಅವಳ ವ್ಯಾನು ಹತ್ತಿದೆ. ಲಕೋಟೆಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ. ದಾರಿಯಲ್ಲಿ ಬ್ಯಾಂಕಿಗೆ ಕಟ್ಟೋಣ ಎಂಬ ಯೋಚನೆ.

ದಿವಾಳಿ ಕೋರ್ಟಿನ ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಒಳ್ಳೆಯವಳು. ಫಾರಂಗಳ ಕಟ್ಟು ತೋರಿಸಿದಳು. ಅದರ ದಪ್ಪ ನೋಡಿ ಡೆಲ್ಫೀನ್ ಮೊದಲ ಪುಟ ತೆರೆದಳು.

"ಇಲ್ಲಿ ಏನು ಬರೀಬೇಕು?" ಎಂದು ಕೇಳಿದಳು.

"ಫಾರಂ ಎಲ್ಲಿದೆ ಅಂತ ಹೇಳ್ತೀನಮ್ಮ. ಅದರಲ್ಲಿ ಏನು ಬರೀಬೇಕು ಅಂತ ನಾನು ಹೇಳೋ ಹಾಗಿಲ್ಲ. ಅದು ವಕೀಲರ ಕೆಲಸ."

"ಇದರಲ್ಲಿ?"

"ಅದೂ ಹೇಳೋ ಹಾಗಿಲ್ಲ."

"ಹೊರಗೆ ಹೋಗೋ ಬಾಗಿಲು ಯಾವುದು ಅಂತಾದ್ರೂ ಹೇಳಬಹುದಾ?"

ಆ ಹೆಂಗಸು ನಕ್ಕಳು. ನಾನು ಕೇಳಿದೆ: "ಬೇರೆಯವರು ಹಾಕಿದ ಅರ್ಜಿ ನೋಡಬಹುದಾ, ತಾಯಿ?"

"ಯಾರು ಬೇಕಾದ್ರೂ ನೋಡಬಹುದು. ಆ ಮೂಲೆ ಕಂಪ್ಯೂಟರಲ್ಲಿ. ನೋಡೋಕೆ ದುಡ್ಡಿಲ್ಲ, ಪುಟ ಅಚ್ಚು ಹಾಕಿಸಿದ್ರೆ ಮಾತ್ರ. ಹೆಸರು ಹೊಡೀರಿ, ಇಲ್ಲಾ ಕೇಸ್ ನಂಬರು."

ಮೂಲೆಗೆ ಹೋಗಿ ಕೂತೆವು. ಯಾರ ಹೆಸರು? ಡೆಲ್ಫೀನ್‌ಳ ಕಣ್ಣು ಮಿಂಚಿತು.

"ಬರ್ನಿಸ್ ಹೆಸರು ಹೊಡೆಯೋಣ ದೊಡ್ಡಮ್ಮ. ಅಷ್ಟು ದೊಡ್ಡ ಕಾರು ಎಲ್ಲಿಂದ ಬಂತು ಅಂತ ಗೊತ್ತಾಗಲಿ."

ಅವಳ ಬೆರಳಿಗೆ ಒಂದು ಕೊಟ್ಟೆ. "ಭಾನುವಾರ ಚರ್ಚಲ್ಲಿ ಅವಳ ಪಕ್ಕ ಕೂತು ಹಾಡಬೇಕು ನಾನು. ಅವಳ ಗುಟ್ಟು ಮನಸ್ಸಲ್ಲಿ ಇಟ್ಕೊಂಡು ಹೇಗೆ ಹಾಡಲಿ?"

ಆಗ ನೆನಪಾದವನು ಹೋಸಿಯಾ ಟಬ್ಸ್. ನಮ್ಮ ಚರ್ಚಿನವನೇ, ತೀರಿಕೊಂಡು ಕೆಲವು ವರ್ಷವಾಗಿತ್ತು. ಬದುಕಿದ್ದಾಗ ದಿವಾಳಿ ಅರ್ಜಿ ಹಾಕಿದ್ದನ್ನು ಮುಚ್ಚಿಟ್ಟವನಲ್ಲ. "ನಾನು ಹೋದೆ, ಹಾಕಿದೆ, ತಲೆ ಮೇಲಿನ ಒಂದು ಕೂದಲೂ ಉದುರಲಿಲ್ಲ. ಕಷ್ಟ ಇದ್ದೋರು ಹೋಗಿ" ಎಂದು ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಹೇಳಿದ್ದ. ಅಂಥವನ ಕಾಗದ ನೋಡಿದರೆ ಅವನೇನೂ ಬೇಸರ ಮಾಡಿಕೊಳ್ಳಲಾರ.

ಹೆಸರು ಹೊಡೆದದ್ದೇ ಅರ್ಜಿ ಎದುರಿಗೆ ಬಂತು. ಬಾಯಿ ತುಂಬ ಮಾತಾಡುತ್ತಿದ್ದ ಮನುಷ್ಯನ ಬದುಕೆಲ್ಲ ಅಲ್ಲಿ ಕಾಲಂ ಕಾಲಂ ಆಗಿ ನಿಂತಿತ್ತು. ಮೀನು ಹಿಡಿಯುವ ದೋಣಿ ಒಂದು, ತೂತಿದೆ. ಸೂಟು ಎರಡು.

"ಒಂದು ಮದುವೆಗೆ, ಒಂದು ಸಾವಿಗೆ," ಎಂದಳು ಡೆಲ್ಫೀನ್.

"ಅವನು ಎರಡಕ್ಕೂ ಒಂದನ್ನೇ ಹಾಕ್ತಿದ್ದ. ಇನ್ನೊಂದು ಎಲ್ಲಿತ್ತೋ."

ಹೀಗೆ ನೋಡುತ್ತಾ ನೋಡುತ್ತಾ ಫಾರಂ ಅರ್ಥವಾಗತೊಡಗಿತು. ಇದ್ದದ್ದೆಲ್ಲ ಇಲ್ಲಿ. ಅದರಲ್ಲಿ ಕಾನೂನು ಮುಟ್ಟದೆ ಬಿಡುವಂಥದ್ದು ಇಲ್ಲಿ. ಸಾಲ ಕೊಟ್ಟವರು, ಒಬ್ಬರೂ ಬಿಡದಂತೆ, ಇಲ್ಲಿ. ಬರುವ ಸಂಬಳ, ಹೋಗುವ ಖರ್ಚು. ಡೆಲ್ಫೀನ್ ತನ್ನ ಫಾರಂ ಪಕ್ಕದಲ್ಲಿಟ್ಟುಕೊಂಡು ಪೆನ್ಸಿಲಿನಲ್ಲಿ ತುಂಬುತ್ತಾ ಹೋದಳು. ಅವಳ ಕೈಗೆ ಧೈರ್ಯ ಬಂದಿತ್ತು.

ಒಂದು ಪ್ರಶ್ನೆಯ ಹತ್ತಿರ ನನ್ನ ಬೆರಳು ನಿಂತಿತು. ಕಳೆದ ಒಂದು ವರ್ಷದಲ್ಲಿ ನಂಟರ ಸಾಲವನ್ನೇನಾದರೂ ತೀರಿಸಿದ್ದೀರಾ? ಹೋಸಿಯಾ ಹೌದು ಎಂದು ಬರೆದಿದ್ದ. ಹೆಂಡತಿಯ ತಮ್ಮ ಎಮ್ಮಿಟ್‌ಗೆ ಅರ್ಜಿ ಹಾಕುವ ಮುಂಚೆ ಪೂರ್ತಿ ದುಡ್ಡು ಕೊಟ್ಟಿದ್ದ. ಅರ್ಜಿಯ ಕೆಳಗೇ ಇನ್ನೊಂದು ಕೇಸು ಹುಟ್ಟಿಕೊಂಡಿತ್ತು: ಇದ್ದದ್ದನ್ನು ಸಾಲ ಕೊಟ್ಟವರಿಗೆ ಹಂಚಲು ಕೋರ್ಟು ನೇಮಿಸಿದ ಟ್ರಸ್ಟಿ ಎಮ್ಮಿಟ್‌ನ ಮೇಲೆ ಹಾಕಿದ್ದು. ಅದನ್ನು ಎರಡು ಸಲ ಓದಿದೆ. ಆಸ್ಪತ್ರೆಯವರು, ಕ್ರೆಡಿಟ್ ಕಾರ್ಡಿನವರು ಎಲ್ಲರೂ ಬಾಗಿಲಲ್ಲಿ ನಿಂತಿರುವಾಗ ನಂಟನೊಬ್ಬನನ್ನು ಮಾತ್ರ ಹಿಂಬಾಗಿಲಿಂದ ಕರೆದು ಕೊಟ್ಟದ್ದು ಸರಿಯಲ್ಲ, ಆ ಹಣ ವಾಪಸು ತಾ, ಎಲ್ಲರಿಗೂ ಹಂಚಬೇಕು ಎಂಬುದು ಅದರ ತಾತ್ಪರ್ಯ. ಎಮ್ಮಿಟ್ ಅಷ್ಟರಲ್ಲಿ ಖರ್ಚು ಮಾಡಿಕೊಂಡಿದ್ದ. ಅವನು ಹೋಸಿಯಾನ ಜೊತೆ ಒಂದೇ ಬೆಂಚಿನಲ್ಲಿ ಕೂರುವುದನ್ನು ಯಾಕೆ ಬಿಟ್ಟನೆಂದು ನಮಗ್ಯಾರಿಗೂ ತಿಳಿದಿರಲಿಲ್ಲ. ದೋಣಿಯ ಜಗಳ ಅಂದುಕೊಂಡಿದ್ದೆವು.

ಡೆಲ್ಫೀನ್ ನನ್ನ ಕೈಚೀಲ ನೋಡಿದಳು.

"ಅಂದ್ರೆ ನಿನ್ನ ಮೇಲೆ ಕೇಸ್ ಹಾಕ್ತಾರಾ?"

"ಹಾಗೇ ಕಾಣುತ್ತೆ."

"ನಾನು ಬರೀದೇ ಇದ್ರೆ?"

"ಸಹಿ ಮಾಡೋ ಜಾಗದ ಮೇಲೆ ಏನಿದೆ ಓದು. ಸುಳ್ಳು ಬರೆದ್ರೆ ಜೈಲು. ಲೂಷಸ್‌ಗೆ ಮಾತ್ರೆ ಕೊಡೋರು ಯಾರು ಆಮೇಲೆ, ಬರ್ನಿಸಾ?"

ಹೊರಗೆ ವ್ಯಾನಿನಲ್ಲಿ ಕೂತು, ದಾರಿಯಲ್ಲಿ ಕೊಂಡ ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ, ಲಕೋಟೆಯನ್ನು ಅವಳ ಮಡಿಲಿಗೆ ಹಾಕಿದೆ. ಅವಳು ನನ್ನ ಮಡಿಲಿಗೆ ಹಾಕಿದಳು. ನಾನು ತಿರುಗಿ ಹಾಕಿದೆ.

"ದುಡ್ಡು ವಾಪಸ್ ತಗೊಂಡ್ರೆ ನಿನ್ನ ಹೆಸರು ಆ ಪಟ್ಟಿಯಲ್ಲಿ ಬರೀಬೇಕಾಗುತ್ತೆ ದೊಡ್ಡಮ್ಮ! ಆಸ್ಪತ್ರೆ, ಕಾರ್ಡು, ಆ ಸೋಫಾ ಅಂಗಡಿ ಕಳ್ಳ, ಆಮೇಲೆ ನೀನಾ? ಇವರಿಗೆಲ್ಲ ನಾಮ ಹಾಕಿದ ಹಾಗೆ ನಿನಗೂ ಹಾಕಿದೆ ಅಂತ ಸಹಿ ಮಾಡಲಾ? ಅಮ್ಮ ಇದ್ದಿದ್ರೆ ನನ್ನ ಚರ್ಮ ಸುಲಿತಿದ್ಲು."

"ನಿಮ್ಮಮ್ಮ ನನ್ನ ಮುತ್ತಿನ ಓಲೆ ಇಸ್ಕೊಂಡು ಹೋದೋಳು, ಹಾಕ್ಕೊಂಡೇ ಮಣ್ಣಾದ್ಲು. ಅವಳ ಸುದ್ದಿ ಎತ್ತಬೇಡ."

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಕಿಟಕಿಯ ಕಡೆ ತಿರುಗಿದಳು.

"ನೋಡು ಮಗಳೇ," ಎಂದೆ. "ನೀನು ನನಗೆ ಕೊಡಬೇಕು ಅನ್ನೋದು ನಿಜ ತಾನೇ? ನಿಜವನ್ನ ಬರೆದ್ರೆ ನನಗೇನು ಅವಮಾನ? ಹೆಸರು ಬಿಟ್ಟುಬಿಟ್ರೆ ನಾನು ಕೊಡಲೇ ಇಲ್ಲ ಅಂದ ಹಾಗಾಗುತ್ತೆ. ಕೊಟ್ಟಿದ್ದೀನಿ. ಬರಿ."

ಕಡಲೆಕಾಯಿ ಮುಗಿಯಿತು. ಆಮೇಲೆ ಫಾರಂ ಸ್ಟಿಯರಿಂಗಿನ ಮೇಲಿಟ್ಟುಕೊಂಡು ನನ್ನ ಹೆಸರು ಬರೆದಳು, ಪೆನ್ಸಿಲಿನಲ್ಲಿ ಅಲ್ಲ, ಪೆನ್ನಿನಲ್ಲಿ.

ನಮ್ಮ ತಿಳುವಳಿಕೆಯನ್ನೇ ನಂಬಿ ಕೂರಲಿಲ್ಲ. ಲೈಬ್ರರಿಯಲ್ಲಿ ಬಡವರಿಗೆ ಸಲಹೆ ಕೊಡಲು ಬರುವ ವಕೀಲೆಗೆ ತೋರಿಸಿದೆವು. ಕೊಟ್ಟದ್ದನ್ನೂ ಬರೆಯಿರಿ, ಅರ್ಜಿಗೆ ಮುಂಚೆಯೇ ವಾಪಸು ಬಂದದ್ದನ್ನೂ ಬರೆಯಿರಿ, ಆಗ ಟ್ರಸ್ಟಿಗೆ ನಿಮ್ಮ ದೊಡ್ಡಮ್ಮನ ಹತ್ತಿರ ಕೇಳುವುದಕ್ಕೆ ಏನೂ ಇರುವುದಿಲ್ಲ ಎಂದಳು. ಕೋರ್ಟಿನ ಶುಲ್ಕ, ಬಾಕಿ ಬಾಡಿಗೆ, ಲೂಷಸ್‌ನ ಔಷಧಿ ಎಲ್ಲವನ್ನೂ ಆ ಹಣದಿಂದಲೇ ಕಟ್ಟಿ ರಸೀದಿ ಇಟ್ಟುಕೊಳ್ಳಲು ಹೇಳಿದಳು. ಅರ್ಜಿಗೆ ಮುಂಚೆ ಸಾಲದ ಬಗ್ಗೆ ಒಂದು ಸಲಹಾ ಪಾಠ ಕಡ್ಡಾಯವಂತೆ, ಡೆಲ್ಫೀನ್ ಅದನ್ನು ಫೋನಿನಲ್ಲೇ ಮುಗಿಸಿದಳು. ಅರ್ಜಿ ಸಲ್ಲಿಸಿದ ಮೇಲೆ ಬಂದ ಮೊದಲ ಸಂಬಳ ಪೂರ್ತಿ ಬಂತು. ಚೀಟಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು, "ಓದು, ಬೆರಳಿಟ್ಕೊಂಡು ಓದು" ಎಂದಳು.

ಆದರೂ ಇನ್ನೊಂದು ಮೆಟ್ಟಿಲು ಬಾಕಿ ಇತ್ತು. ಸಾಲ ಕೊಟ್ಟವರ ಸಭೆ ಅಂತ ಕರೆಯುತ್ತಾರೆ. ನ್ಯಾಯಾಧೀಶರು ಇರುವುದಿಲ್ಲ. ಒಂದು ಮೇಜು, ಆಚೆ ಟ್ರಸ್ಟಿ, ಈಚೆ ಸಾಲ ಮಾಡಿದವರು, ಮಧ್ಯೆ ಮಾತನ್ನು ಹಿಡಿದಿಡುವ ಯಂತ್ರ. ಅಂಚೆಯಲ್ಲಿ ನನಗೂ ಆಹ್ವಾನ ಬಂದಿತ್ತು, ನಾನೂ ಸಾಲ ಕೊಟ್ಟವಳಲ್ಲವೇ. ಭಾನುವಾರದ ಟೋಪಿ ಹಾಕಿಕೊಂಡು ಹೋದೆ.

ಟ್ರಸ್ಟಿ ಬೋಳುತಲೆಯವನು, ಗಂಟಲು ನೋವು, ಬಾಯಲ್ಲಿ ಗುಳಿಗೆ ಹೊರಳಿಸುತ್ತಿದ್ದ. ಡೆಲ್ಫೀನ್ ಕೈ ಎತ್ತಿ ಪ್ರಮಾಣ ಮಾಡಿದಳು. ಎಲ್ಲ ಪುಟ ಓದಿ ಸಹಿ ಮಾಡಿದ್ದೀರಾ? ಹೌದು. ಎಲ್ಲ ಸಾಲವನ್ನೂ ಬರೆದಿದ್ದೀರಾ? ಹೌದು.

"ನಂಟರಿಗೆ ಯಾರಿಗಾದರೂ ಕೊಡೋದಿದೆಯಾ?"

ಹಿಂದಿನ ಕುರ್ಚಿಗಳಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಇದೆ," ಎಂದಳು, ಊಟದ ಸಾಲಿನ ಕೊನೆಯ ಮಗುವಿಗೂ ಕೇಳಿಸುವ ಗಂಟಲಿನಲ್ಲಿ. "ಓಜೆಲ್ಲಾ ಗ್ರಿಗ್ಸ್. ನಮ್ಮಮ್ಮನ ಅಕ್ಕ. ನನ್ನ ಗಂಡ ಆಸ್ಪತ್ರೆಯಲ್ಲಿದ್ದಾಗ ನಮ್ಮ ತಲೆ ಮೇಲೆ ಸೂರು ಉಳಿಸಿದ್ದು ಅವಳು. ತೀರಿಸೋಕೆ ಹೋದೆ, ವಾಪಸ್ ಕೊಟ್ಟಳು. ಎರಡೂ ಬರೆದಿದ್ದೀನಿ."

ಟ್ರಸ್ಟಿ ಪುಟ ತಿರುವಿದ. "ಬರೆದಿದ್ದೀರಿ. ಸಾಲ ಕೊಟ್ಟವರು ಯಾರಾದ್ರೂ ಬಂದಿದ್ದಾರಾ?"

ಆಸ್ಪತ್ರೆಯವರು ಬಂದಿರಲಿಲ್ಲ. ಕಾರ್ಡಿನವರು ಬಂದಿರಲಿಲ್ಲ. ನಾನು ಎದ್ದೆ.

"ನಾನು ಬಂದಿದ್ದೀನಿ ಸ್ವಾಮಿ. ಆ ಓಜೆಲ್ಲಾ ನಾನೇ."

ಅವನು ಗುಳಿಗೆ ಹೊರಳಿಸುವುದನ್ನು ನಿಲ್ಲಿಸಿದ. "ಇವರನ್ನ ಏನಾದ್ರೂ ಕೇಳೋದಿದೆಯಾ ಅಮ್ಮ?"

"ಕೇಳೋದೇನಿಲ್ಲ. ಅವಳು ಹೇಳಿದ್ದೆಲ್ಲ ನಿಜ. ಬರ್ಕೊಳ್ಳಿ."

"ಎಲ್ಲಾ ರೆಕಾರ್ಡ್ ಆಗ್ತಿದೆ."

"ಒಳ್ಳೇದಾಯ್ತು," ಎಂದು ಕೂತೆ.

ಕೆಲವು ತಿಂಗಳಿಗೆ ಸಾಲ ಮನ್ನಾ ಆದ ಆದೇಶ ಬಂತು. ಕೋರ್ಟಿನ ಲೆಕ್ಕದಲ್ಲಿ ಡೆಲ್ಫೀನ್ ನನಗೆ ಬಿಡಿಗಾಸೂ ಕೊಡಬೇಕಾಗಿಲ್ಲ. "ಕೊಡಬೇಕಾಗಿಲ್ಲ ಅಂದಿದ್ದಾರೆ, ಕೊಡಕೂಡದು ಅಂದಿಲ್ಲ," ಎನ್ನುತ್ತಾಳೆ ಅವಳು. ವಕೀಲೆಯನ್ನೂ ಕೇಳಿಕೊಂಡು ಬಂದಿದ್ದಾಳೆ. ತಿಂಗಳಿಗೊಮ್ಮೆ ಬಂದು ಮೇಜಿನ ಮೇಲೆ ಇಪ್ಪತ್ತೋ ಮೂವತ್ತೋ ಇಡುತ್ತಾಳೆ, ಆಮೇಲೆ ಒಲೆ ಮೇಲೇನಿದೆ ಎಂದು ಮುಚ್ಚಳ ಎತ್ತಿ ನೋಡುತ್ತಾಳೆ. ನಾನು ಬೇಡ ಅನ್ನುವುದಿಲ್ಲ. ಅವಳ ಮುಂದೆಯೇ ಎಣಿಸಿ ತೆಗೆದುಕೊಳ್ಳುತ್ತೇನೆ.