ಎರಡಿಂಚು ಎತ್ತರದ ಜೀಪು ಮತ್ತು ಮಂಗಳವ್ವ

ರಾಣೆಬೆನ್ನೂರಿನ ಬೀಜದ ಅಂಗಡಿ ನಿಜಲಿಂಗಪ್ಪನವರು ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಜೀಪೊಂದನ್ನು ಕೊಂಡದ್ದು ೨೦೦೫ರ ಬೇಸಿಗೆಯಲ್ಲಿ. ನಾಲ್ಕೂ ಚಕ್ರಗಳಿಂದ ಎಳೆಯುವ ಜೀಪು, ಹಳ್ಳಕೊಳ್ಳ ಯಾವುದಕ್ಕೂ ಹೆದರುವುದಿಲ್ಲ ಎಂದು ಮಾರಿದವನು ಹೇಳಿದ್ದ. ಅಗಡಿಯ ಹತ್ತಿರ ಅವರದೊಂದು ಹೊಲವಿತ್ತು; ಹೊಸ ತಳಿಯ ಬೀಜ ಬಂದರೆ ಮೊದಲು ಅಲ್ಲಿ ಬಿತ್ತಿ ನೋಡಿ ಆಮೇಲೆ ರೈತರಿಗೆ ಕೊಡುವುದು ಅವರ ಪದ್ಧತಿ. ಆ ಹೊಲದ ಬಂಡಿದಾರಿಯಲ್ಲಿ ಚಕ್ರ ಓಡುವ ಎರಡೂ ಜಾಡು ಆಳಕ್ಕಿಳಿದು, ನಡುವೆ ಮಣ್ಣಿನ ದಿಬ್ಬ ಎದ್ದು ನಿಂತಿತ್ತು. ಮೊದಲ ಸಲ ಹೋದಾಗಲೇ ಜೀಪಿನ ಹೊಟ್ಟೆ ಆ ದಿಬ್ಬದ ಮೇಲೆ ಕೂತಿತು. ಚಕ್ರಗಳು ಗರಗರ ತಿರುಗಿದವು. ಜೀಪು ಮಾತ್ರ ಕಾವಿಗೆ ಕೂತ ಕೋಳಿಯಂತೆ ಅಲುಗಲಿಲ್ಲ.

ಪಕ್ಕದ ಹೊಲದ ಲಕ್ಷ್ಮಪ್ಪ ಎತ್ತು ಹೂಡಿ ಎಳೆದುಕೊಟ್ಟ. ಹಗ್ಗ ಬಿಚ್ಚುತ್ತ, "ಸಾವಕಾರ್ರ, ಮುಂದಿನ ಸಲ ಮನಿಯಿಂದನ ಎತ್ತು ಕಟ್ಟಕೊಂಡ ಬರ್ರಿ. ಡೀಸೆಲ್ಲರ ಉಳೀತೈತಿ," ಅಂದ.

ಆ ಮಾತು ನಿಜಲಿಂಗಪ್ಪನವರಿಗೆ ನಾಟಿತು. ಮರುದಿನವೇ ಜೀಪು ಹಾವೇರಿಯ ಹೆದ್ದಾರಿ ಪಕ್ಕದ ಮಹಮ್ಮದಗೌಸನ ಗ್ಯಾರೇಜಿನಲ್ಲಿತ್ತು. ಗೌಸ ಜೀಪಿನ ಕೆಳಗೆ ಮಲಗಿ, ಅರ್ಧ ತಾಸು ಯಾರದೋ ಜಾತಕ ನೋಡುವವನಂತೆ ನೋಡಿ, ಹೊರಗೆ ಬಂದ. ಅಚ್ಚಿನ ಮೇಲೆ ಬಿಲ್ಲಿನಂತೆ ಬಾಗಿ ಕೂತು ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಅವನು ಪಾಟಾ ಅನ್ನುತ್ತಿದ್ದ.

"ಪಾಟಾ ಎಲ್ಲಾ ಚಪ್ಪಟಿ ಆಗ್ಯಾವ್ರಿ. ಬಿಚ್ಚಿ, ಬಡದು ಕಮಾನ ಕೂಡಿಸಿ, ಒಂದೊಂದು ಹೊಸಾ ಪಟ್ಟಿ ಹಾಕ್ತೇನಿ. ಎರಡು ಇಂಚು ಏರತೈತಿ."

"ನಾಕು ಇಂಚು ಏರಸು."

"ಜೀಪ ಐತ್ರಿ ಇದು, ಒಂಟಿ ಅಲ್ಲ. ನಾಕು ಏರಿಸಿದ್ರ ತಿರುವಿನ್ಯಾಗ ಮಕ್ಕೊಂಡ ಬಿಡತೈತಿ."

"ಮೂರು?"

"ಎರಡು," ಅಂದ ಗೌಸ, ಬೆರಳೆರಡನ್ನು ಎತ್ತಿ ಹಿಡಿದು.

ಮೂರು ದಿನದ ಕೆಲಸ. ಬ್ರೇಕಿನ ಪೈಪು ಎಳೆದಂತಾಗುತ್ತದೆಂದು ಉದ್ದನೆಯದು ಹಾಕಿದ, ಹೊಸ ಬೋಲ್ಟು ಬಿಗಿದ, ಟೇಪು ಹಿಡಿದು ನಾಲ್ಕೂ ಮೂಲೆ ಅಳೆದ. ಎರಡಿಂಚೆಂದರೆ ಎರಡಿಂಚೇ. ಆದರೆ ನಿಜಲಿಂಗಪ್ಪನವರ ಕಣ್ಣಿಗೆ ಅದು ಆನೆಯಾಗಿ ಕಂಡಿತು. ಅವರು ಐವತ್ತು ಕಿಲೋದ ಸಣ್ಣ ಆಸಾಮಿ. ಸ್ಟಿಯರಿಂಗ್ ಹಿಡಿದು ಜೋತುಬಿದ್ದು ಒಳಗೇರಿ, ಹೆದ್ದಾರಿಗೆ ಇಳಿದರು.

ಇಳಿದ ಮೇಲೆ ಗೊತ್ತಾಯಿತು. ಹೊಸ ಪಾಟಾಗಳು ಹಟಮಾರಿ ಎಮ್ಮೆಯಂತೆ ಬಿರುಸಾಗಿದ್ದವು. ರಸ್ತೆಯಲ್ಲಿ ಒಂದು ಕಡ್ಡಿ ಬಿದ್ದಿದ್ದರೂ ಜೀಪು ಜಿಗಿಯುತ್ತಿತ್ತು, ಜೀಪಿನ ಜೊತೆ ಅವರೂ ಜಿಗಿಯುತ್ತಿದ್ದರು. ಮೋಟೆಬೆನ್ನೂರು ಬರುವಷ್ಟರಲ್ಲಿ ತಲೆ ನಾಲ್ಕು ಸಲ ಮೇಲಿನ ಕಬ್ಬಿಣಕ್ಕೆ ಬಡಿದಿತ್ತು. ನಿಲ್ಲಿಸಿ ಗೌಸನಿಗೆ ಫೋನು ಹಚ್ಚಿದರು.

"ಖಾಲಿ ಗಾಡಿ ಹಂಗನ ರಿ," ಅಂದ ಗೌಸ ನಿರಾಳವಾಗಿ. "ಒಂದು ತಿಂಗಳು ತೂಕ ಹೇರಿ ಅಡ್ಡಾಡಿಸ್ರಿ. ಪಾಟಾ ಕುಂದರತಾವ."

ಮೊದಲು ಕಲ್ಲು ಹೇರಿದರು. ಕಲ್ಲುಗಳು ಜಿಗಿದು ಜಿಗಿದು, ಹಿಂದಿನ ಬಾಗಿಲಿಗೆ ಡಬ್ ಡಬ್ ಬಡಿದು, ಊರಿನ ನಾಯಿಗಳೆಲ್ಲ ಬೆನ್ನಟ್ಟಿದವು. ಆಮೇಲೆ ಮೆಣಸಿನಕಾಯಿ ಚೀಲ ಹೇರೋಣವೆಂದು ಬ್ಯಾಡಗಿಗೆ ಹೋದರು. ಹೆಂಡತಿ ಹೊನ್ನವ್ವನ ಅಕ್ಕ ಮಂಗಳವ್ವನ ಮನೆ ಅಲ್ಲಿತ್ತು, ಗಂಡನದು ಮೆಣಸಿನಕಾಯಿ ವ್ಯಾಪಾರ. ಎಂಟು ಚೀಲ ಗೋಪುರದಂತೆ ಏರಿದವು. ನೋಡಲು ಬೆಟ್ಟ, ತೂಕದಲ್ಲಿ ಹತ್ತಿ. ಜೀಪು ಜಿಗಿದಂತೆಲ್ಲ ಘಾಟು ಎದ್ದಿತು. ನಿಜಲಿಂಗಪ್ಪನವರು ಸೀನಿದರು, ಹಿಂದೆ ಬಂದ ಮೋಟಾರ್ ಸೈಕಲ್ಲಿನವರು ಸೀನಿದರು, ಎದುರಿಗೆ ಬಂದ ಕುರಿಹಿಂಡೂ ಸೀನಿತು. ಊರು ದಾಟುವ ಮೊದಲೇ ತಿರುಗಿ ಬಂದು ಚೀಲ ಇಳಿಸಿದರು.

ಮಂಗಳವ್ವ ಬಾಗಿಲಲ್ಲಿ ನಿಂತಿದ್ದಳು. ಬಾಗಿಲು ತುಂಬ ನಿಂತಿದ್ದಳು ಅನ್ನಬೇಕು. ಎತ್ತರದ ದನಿ, ಅಗಲದ ಮೈ. ಮದುವೆಯಾದ ಇಪ್ಪತ್ತು ವರ್ಷದಿಂದ ನಿಜಲಿಂಗಪ್ಪನವರು ಅವಳಿಗೆ ಹೆದರಿ, ಹಬ್ಬಕ್ಕೊಮ್ಮೆ ನಮಸ್ಕಾರ ಹೇಳಿ ಹಿಂದೆ ಸರಿಯುವವರು.

"ನಿಜಲಿಂಗಪ್ಪಾರ, ಹೆಂಗೂ ಖಾಲಿ ಹೊಂಟೀರಿ, ನಾನೂ ಬರತೇನಿ ತಡೀರಿ. ಹೊನ್ನಿನ್ನ ನೋಡಿ ಭಾಳ ದಿನ ಆತು," ಅಂದು, ಒಳಗಿನಿಂದ ಮಣೆ ತರಿಸಿ, ಅದರ ಮೇಲೆ ಕಾಲಿಟ್ಟು ಜೀಪು ಏರಿದಳು. ಜೀಪು ಒಂದು ನಿಟ್ಟುಸಿರು ಬಿಟ್ಟಿತು.

ರಾಣೆಬೆನ್ನೂರಿನವರೆಗೂ ಜೀಪು ತೊಟ್ಟಿಲಿನಂತೆ ತೂಗುತ್ತ ಹೋಯಿತು. ಒಂದು ಜಿಗಿತವಿಲ್ಲ, ಒಂದು ಪೆಟ್ಟಿಲ್ಲ. ನಿಜಲಿಂಗಪ್ಪನವರಿಗೆ ಎದೆಯೊಳಗೆ ದೀಪ ಹತ್ತಿತು.

ಅಂದಿನಿಂದ ದಿನ ಬಿಟ್ಟು ದಿನ ಅವರು ಬ್ಯಾಡಗಿಗೆ ಹೋಗತೊಡಗಿದರು. "ಅಕ್ಕಾರ, ಹಾವೇರಿಗೆ ಹೊಂಟೇನಿ, ಬರ್ತೀರೇನು?" "ಅಕ್ಕಾರ, ಸುಮ್ನ ಗಾಳಿಗೆ ಹೋಗಿ ಬರೂಣೇನು?" ಮಂಗಳವ್ವನಿಗೆ ಮೊದಲು ಅಚ್ಚರಿ, ಆಮೇಲೆ ಸಂತೋಷ. ಅವಳ ಗಂಡನಿಗೆ ಚೀಲ ಎಣಿಸುವುದರಲ್ಲೇ ದಿನ ಕಳೆಯುತ್ತಿತ್ತು. ಅವಳನ್ನು ಎಲ್ಲಿಗಾದರೂ ಕರೆದೊಯ್ದವರೇ ಇರಲಿಲ್ಲ. ಜೀಪಿನಲ್ಲಿ ಕೂತು ಅವಳು ಹಾಡಿನ ಸೊಲ್ಲು ಗುನುಗುತ್ತಿದ್ದಳು. ತಂಗಿಯ ಗಂಡನಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದಳು.

"ನಾ ನಿಮ್ಮನ್ನ ತಪ್ಪು ತಿಳಕೊಂಡಿದ್ನಿರಿ," ಅಂದಳು ಒಂದು ದಿನ. "ಮಾತಾಡಾಕೂ ಜುಗ್ಗತನ ಮಾಡೋ ಮನಷ್ಯಾ ಅನಕೊಂಡಿದ್ನಿ. ನಿಮ್ಮ ಮನಸು ದೊಡ್ಡದೈತಿ."

ನಿಜಲಿಂಗಪ್ಪನವರು ಕಚ್ಚಿದ ಹೋಳಿಗೆಯನ್ನು ಮಡಿಲಲ್ಲಿಟ್ಟರು. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದರು. ಎದುರಿಗೆ ದೊಡ್ಡ ಗುಂಡಿ ಬಂತು, ಜೀಪು ಹೂವಿನಂತೆ ದಾಟಿತು. ಬಾಯಿ ಮುಚ್ಚಿದರು.

ಮೂರನೇ ವಾರ ಗೌಸನ ಹತ್ತಿರ ತಪಾಸಣೆಗೆ ನಿಂತರು. ಮಂಗಳವ್ವ ಮೇಲೆ ಕೂತಿದ್ದಳು. ಗ್ರೀಸು ಮೆತ್ತಿದ ಕೈಯಲ್ಲೇ ಟೇಪು ಹಿಡಿದು ಗೌಸ ಕೆಳಗೆ ತೂರಿದ. ಕಲ್ಲು, ಚೀಲದ ಪಾಡನ್ನು ಫೋನಿನಲ್ಲಿ ಕೇಳಿದ್ದ; ಈಗ ಮೇಲೆ ಯಾರಿದ್ದಾರೆಂದು ಮಾತ್ರ ನೋಡಿರಲಿಲ್ಲ. ಕೆಳಗಿನಿಂದ ಅವನ ದನಿ ಹೆದ್ದಾರಿಯ ಲಾರಿಗಳನ್ನೂ ಮೀರಿ ಬಂತು.

"ಶಾಬಾಸ್ ಸಾವಕಾರ್ರ! ಭಾಳ ಚಂದ ಕುಂತಾವ ಪಾಟಾ! ಕಲ್ಲಿಗೂ ಆಗಲಿಲ್ಲ, ಚೀಲಕ್ಕೂ ಆಗಲಿಲ್ಲ, ಈಗ ಏನ ಹೇರೀರಿ ಅದನ್ನ ಇನ್ನೊಂದು ವಾರ ಇಳಸಬ್ಯಾಡ್ರಿ!"

ನಿಜಲಿಂಗಪ್ಪನವರು ಕೆಮ್ಮಿದರು. ಟೈರಿಗೆ ಒದ್ದರು. ಗೌಸ ಮುಂದುವರಿದ. "ಕ್ವಿಂಟಲ್ ಮ್ಯಾಲೇ ಇರಬೇಕಲ್ರಿ?"

ಮೇಲೆ ಗುನುಗು ನಿಂತಿತು. "ಯಾವ ತೂಕದ್ದ ಮಾತು ಇದು?" ಅಂದಳು ಮಂಗಳವ್ವ. ಅವಳು ಮಣೆಗೂ ಕಾಯದೆ ಇಳಿದಳು. ಭಾರ ತಪ್ಪಿದ ಜೀಪು ಫಕ್ಕನೆ ಮೇಲೆದ್ದಿತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ನಿಜಲಿಂಗಪ್ಪಾ," ಅಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹೆಸರಿನ ಕೊನೆಯ 'ರ' ಬಿದ್ದುಹೋಗಿತ್ತು. "ನಾ ಕಲ್ಲಿನ ಬದಲಿಗೆ ಬಂದಾಕೀ ಏನು?"

ಅಷ್ಟೇ. ಸೆರಗು ಬಿಗಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ನಿಜಲಿಂಗಪ್ಪನವರು ಜೀಪು ಹತ್ತಿ ಬೆನ್ನಟ್ಟಿದರು. "ಅಕ್ಕಾರ" ಎಂದು ಕೂಗಬೇಕೆಂದಾಗಲೆಲ್ಲ ಜೀಪು ಜಿಗಿದು "ಅಕ್‌—" ಎಂದಷ್ಟೇ ಹೊರಬರುತ್ತಿತ್ತು. ಅವಳು ಬ್ಯಾಡಗಿ ಬಸ್ಸು ಹತ್ತಿ ಹೋದಳು.

ಮನೆಯಲ್ಲಿ ಹೊನ್ನವ್ವ ಸುದ್ದಿ ಕೇಳಿ ಮೊದಲು ಒಲೆಯ ಕಡೆ ತಿರುಗಿ ನಕ್ಕಳು, ಆಮೇಲೆ ಈ ಕಡೆ ತಿರುಗಿ ಸಿಟ್ಟಾದಳು. "ಆಕಿ ನಿಮ್ಮ ಸಲುವಾಗಿ ಹೊಸಾ ಸೀರಿ ಉಟಗೊಂಡ ಬರತಿದ್ಲು, ಗೊತ್ತೈತೇನು? ತಪ್ಪಾತು ಅಂತ ಹೇಳಿ ಬರೂತನಕ ಈ ಮನ್ಯಾಗ ರೊಟ್ಟಿ ಇಲ್ಲ."

ಎರಡು ದಿನ ಖಾನಾವಳಿಯಲ್ಲಿ ಉಂಡು, ಮೂರನೆಯ ದಿನ ನಿಜಲಿಂಗಪ್ಪನವರು ಬ್ಯಾಡಗಿಗೆ ಹೋದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು, ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

"ಅಕ್ಕಾರ, ತಪ್ಪಾತ್ರಿ. ಮೊದಲು ತೂಕಕ್ಕ ಕರದಿದ್ನಿ, ಖರೇ. ಆಮ್ಯಾಲೆ ನೀವು ಇಲ್ಲದ ದಿನ ಜೀಪ ಅಷ್ಟ ಅಲ್ಲರಿ, ನನಗೂ ಬ್ಯಾಸರಾಗತಿತ್ತು."

ಮಂಗಳವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಂತರ ಒಳಗೆ ತಿರುಗಿ, "ಕರಿಯವ್ವಾ! ಕುಲ್ಸುಮಬೀ! ಬರ್ರೇ," ಎಂದು ಕೂಗಿದಳು. ಹಿತ್ತಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಗೆಳತಿಯರಿಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಇಬ್ಬರೂ ಮಂಗಳವ್ವನಿಗೆ ಸರಿಜೋಡಿ.

"ತೂಕ ಬೇಕಲ್ಲ ನಿಮಗ? ತಗೋರಿ. ಆದ್ರ ಇವತ್ತ ಎಲ್ಲಿಗೆ ಅನ್ನೂದು ನಾ ಹೇಳಾಕಿ. ಆ ಅಗಡಿ ಹೊಲಾ ತೋರಸ್ರಿ."

ಹಿಂದಿನ ದಿನವಷ್ಟೇ ಮಳೆಯಾಗಿತ್ತು. ಬಂಡಿದಾರಿಗೆ ಜೀಪು ಇಳಿದಾಗ ನಿಜಲಿಂಗಪ್ಪನವರು ಉಸಿರು ಹಿಡಿದರು. ದಿಬ್ಬ ಬಂತು. ಮೂವರ ಭಾರವಿದ್ದರೂ ಹೊಟ್ಟೆ ತಾಗಲಿಲ್ಲ; ಎರಡು ಬೆರಳಷ್ಟು ಸಂದಿ ಬಿಟ್ಟು ಜೀಪು ದಾಟಿತು. ಹೊಲದಲ್ಲಿ ಹೆಂಗಸರು ಇಳಿದು, ಹತ್ತಿಯ ಸಾಲು ಸುತ್ತಿ, ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಿದರು. ಲಕ್ಷ್ಮಪ್ಪನೂ ಬಂದು ಕೂತು ಎರಡು ರೊಟ್ಟಿ ತಿಂದ.

ಮರಳುವಾಗ ಜೀಪು ತಿರುಗಿಸಲೆಂದು ನಿಜಲಿಂಗಪ್ಪನವರೊಬ್ಬರೇ ಹತ್ತಿದರು. ಹೊಲದ ಅಂಚಿನ ಏರಿನಲ್ಲಿ ಕಪ್ಪು ಎರೆಮಣ್ಣು ಮಳೆಗೆ ನೆನೆದು ಬೆಣ್ಣೆಯಾಗಿತ್ತು. ಹಗುರ ಜೀಪಿನ ಚಕ್ರಗಳು ಹಿಡಿತ ಸಿಗದೆ ನಿಂತಲ್ಲೇ ತಿರುಗಿ, ಕೆಸರನ್ನು ಲಕ್ಷ್ಮಪ್ಪನ ಮುಖಕ್ಕೆ ಎರಚಿದವು. ಅವನು ಮುಖ ಒರೆಸಿಕೊಳ್ಳುತ್ತ, "ಎತ್ತು ತರ್ಲೇನ್ರಿ?" ಅಂದ.

"ಎತ್ತು ಯಾಕ ಬೇಕೋ?" ಅಂದಳು ಮಂಗಳವ್ವ. "ನಾವು ಸತ್ತೇವೇನು? ಏರ್ರೇ ಹಿಂದ!"

ಮೂವರೂ ಹಿಂದೆ ಏರಿ ಕಂಬಿ ಹಿಡಿದು ಕೂತರು. ಚಕ್ರ ಮಣ್ಣಿಗೆ ಹಲ್ಲೂರಿತು. ಜೀಪು ಒಮ್ಮೆ ಗುಟುರು ಹಾಕಿ, ಏರನ್ನು ಒಂದೇ ಉಸಿರಿಗೆ ಹತ್ತಿತು. ಹಿಂದೆ ಮೂವರು ಹೆಂಗಸರು ಕೇಕೆ ಹಾಕಿದ್ದಕ್ಕೆ ಹೊಲದ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಲಕ್ಷ್ಮಪ್ಪ ಬಾಯಿ ತೆರೆದು ನಿಂತೇ ಇದ್ದ.

ಡಾಂಬರು ರಸ್ತೆಗೆ ಬಂದಾಗ ಮಂಗಳವ್ವ ಮುಂದಕ್ಕೆ ಬಾಗಿ ಕೇಳಿದಳು. "ನಿಜಲಿಂಗಪ್ಪಾರ, ಕುಮಾರಪಟ್ಟಣದ ಹೊಳಿ ಎಷ್ಟು ದೂರ ಆಗತೈತಿ?"

ಹೆಸರಿಗೆ 'ರ' ಮರಳಿ ಬಂದದ್ದು ಕೇಳಿ ಅವರಿಗೆ ಎಲ್ಲಿಲ್ಲದ ಹುರುಪು ಬಂತು. "ದೂರ ಇಲ್ಲ ಬಿಡ್ರಿ ಅಕ್ಕಾರ. ಆದ್ರ ಪಾಟಾ ಈಗ ಪೂರಾ ಕುಂತಾವು. ಇನ್ನ ತೂಕ ಬೇಕಾಗಿಲ್ಲ."

"ನಿಮ್ಮ ಪಾಟಾ ಯಾರು ಕೇಳ್ಯಾರ? ಮಂಗಳವಾರ ಹೋಗೂಣು. ಹೊನ್ನಿನ್ನೂ ಕರಕೊಂಡ ಬರ್ರಿ, ಬುತ್ತಿ ನಾ ಕಟ್ಟತೇನಿ."

"ಆತ್ರಿ," ಅಂದರು ನಿಜಲಿಂಗಪ್ಪನವರು. ಹಿಂದಿನಿಂದ ಕುಲ್ಸುಮಬಿ, ಆ ದಿನ ತನ್ನ ತಂಗಿಯನ್ನೂ ಕರೆತರಬಹುದೋ ಎಂದು ಕೇಳಿದಳು. ತಂಗಿ ಹೇಗಿದ್ದಾಳೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ. ಬರಲಿ ಎಂದು ತಲೆಯಾಡಿಸಿ ಗೇರು ಬದಲಿಸಿದರು.